ಇಬ್ಬರು ಬೇಕಾಗುವ ಹಾಯಿ

ಬಸ್ಸು ಆನಂದಪುರ ದಾಟುವಷ್ಟರಲ್ಲಿ ಗಣೇಶಮೂರ್ತಿ ದೊಡ್ಡ ಹಾಯಿ ಎಂದು ನಾಲ್ಕು ಸಲ, ಸಣ್ಣ ಹಾಯಿ ಎಂದು ಮೂರು ಸಲ ನಿಶ್ಚಯ ಮಾಡಿಯಾಗಿತ್ತು. ಲೆಕ್ಕದ ಪ್ರಕಾರ ದೊಡ್ಡದೇ ಗೆದ್ದಿತ್ತು, ಆದರೆ ರಿಪ್ಪನ್‌ಪೇಟೆಗೆ ಇನ್ನೂ ಅರ್ಧ ಗಂಟೆಯ ದಾರಿ ಇತ್ತು, ಅರ್ಧ ಗಂಟೆಯಲ್ಲಿ ಮನುಷ್ಯನ ಮನಸ್ಸು ಎಷ್ಟು ಸಲ ಬೇಕಾದರೂ ಮಗುಚಿಕೊಳ್ಳಬಹುದು. ನಿನ್ನೆ ಬೆಳಿಗ್ಗೆ ಜೀಪಿಗೆ ಹುಡ್ ಹೊಲಿಯುವ ಮಂಜುನಾಥಪ್ಪ ಫೋನ್ ಮಾಡಿ, ಬಟ್ಟೆ ಕೂಡಿಸಿ ಹೊಲಿದಾಗಿದೆ, ನೆಲದ ಮೇಲೆ ಹಾಸಿ ಗೆರೆಯೂ ಎಳೆದಿದ್ದೇನೆ, ನೀಲಿ ಗೆರೆ ದೊಡ್ಡದಕ್ಕೆ, ಕೆಂಪು ಗೆರೆ ಸಣ್ಣದಕ್ಕೆ, ಯಾವುದರ ಮೇಲೆ ಕತ್ತರಿ ಹಾಕಲಿ ಹೇಳಿ ಎಂದಿದ್ದ. ಎರಡೇ ಎರಡು ಅಕ್ಷರದ ಉತ್ತರ ಸಾಕಿತ್ತು. ಮೂವತ್ತೈದು ವರ್ಷ ಪವರ್‌ಹೌಸಿನಲ್ಲಿ ಕೂತು, ಯಾವ ಗೇಟು ಎಷ್ಟು ಎತ್ತಬೇಕು ಎಂದು ಒಂದು ಮಾತಿನಲ್ಲಿ ಹೇಳಿ ಊರಿಗೆ ಊರೇ ಬೆಳಗುವಂತೆ ಮಾಡಿದ್ದ ಈ ಮನುಷ್ಯ, ಅಷ್ಟು ಹೇಳಲಾರದೆ, "ನಾಳೆ ನಾನೇ ಬರ್ತೀನಿ ಮಂಜುನಾಥಪ್ಪ, ನೋಡೇ ಹೇಳ್ತೀನಿ" ಎಂದುಬಿಟ್ಟಿದ್ದ. ಹಾಗೆ ಹೇಳುವಾಗ ಹೆಂಡತಿ ಗಂಗಾ ಪಕ್ಕದಲ್ಲೇ ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

"ಅಜ್ಜಾ, ಅದು ಲೇಡೀಸ್ ಸೀಟು. ಹಿಂದೆ ಹೋಗ್ರಿ" ಎಂದ ಕಂಡಕ್ಟರ್. ಗಣೇಶಮೂರ್ತಿ ಎದ್ದ. ಅಜ್ಜ ಎಂದದ್ದು ಅವನಿಗೆ ತಾಗಿತು, ಅರವತ್ನಾಲ್ಕೇನು ಅಜ್ಜನ ವಯಸ್ಸಲ್ಲ ಎಂದು ಜಗಳಕ್ಕೆ ನಿಲ್ಲುವ ಹಾಗೂ ಇರಲಿಲ್ಲ, ಏಕೆಂದರೆ ಅವನಿಗೆ ನಿಜವಾಗಿ ಒಬ್ಬ ಮೊಮ್ಮಗಳಿದ್ದಳು. ಸೀಟಿಗಾಗಿ ನಿಂತ ಹೆಂಗಸು ಅವನನ್ನು ನೋಡಿ ಪಾಪ ಎನ್ನುವ ಮುಖ ಮಾಡಿದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಹಿಂದೆ ಹೋಗಿ ಕಂಬ ಹಿಡಿದು ನಿಂತು, ಕೈಯಲ್ಲಿದ್ದ ಬಟ್ಟೆಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಚೀಲ ಖಾಲಿ. ಹೊರಡುವಾಗ ಗಂಗಾ ತಾನಾಗಿ ಒಳಗಿನಿಂದ ತಂದು ಕೊಟ್ಟಿದ್ದಳು. "ಉಳಿದ ಬಟ್ಟೆ ಇದ್ರೆ ತಗಂಬನ್ನಿ" ಎಂದಿದ್ದಳು. ಸಾಗರದ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುವಾಗ ಅವನು ಈ ಒಂದು ಮಾತನ್ನು ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಚೀಪುತ್ತ ಬಂದಿದ್ದ. ಹಾಯಿಯ ವಿಷಯಕ್ಕೆ ಒಂಬತ್ತು ತಿಂಗಳಲ್ಲಿ ಅವಳು ಆಡಿದ ಮೊದಲ ಮಾತು ಅದು. ದೋಣಿಯ ಮೇಲೆ ಅವಳಿಗೆ ಇನ್ನೂ ಮನಸ್ಸಿದೆ, ಇಲ್ಲದಿದ್ದರೆ ಚೀಲ ಯಾಕೆ ಕೊಡುತ್ತಿದ್ದಳು ಎಂದು ಅವನು ವಾದ ಹೂಡಿದ. ಎದುರು ಪಕ್ಷದಲ್ಲಿ ಯಾರೂ ಇಲ್ಲದ ಕಾರಣ ವಾದವನ್ನು ಗೆದ್ದ. ಅದಕ್ಕೇ ದೊಡ್ಡದಕ್ಕೆ ಒಂದು ಮತ ಹೆಚ್ಚು ಬಿದ್ದದ್ದು.

ದೋಣಿ ಎಂದರೆ ಹರಿಗೋಲಲ್ಲ, ಹಾಯಿದೋಣಿ. ಒಳಗೆ ಇಬ್ಬರು ಮಲಗುವಷ್ಟು ಸಣ್ಣ ಕೋಣೆ, ನಡುವೆ ಎತ್ತರದ ಕಂಬ, ಕಂಬದ ಹಿಂದೆ ಒಂದು ಹಾಯಿ, ಮುಂದೆ ಒಂದು ಹಾಯಿ. ನಲವತ್ತು ವರ್ಷ ಹಳೆಯದು. ಹನ್ನೆರಡು ವರ್ಷದ ಹಿಂದೆ ಗೋವಾದ ಒಬ್ಬ ಮುದುಕನಿಂದ ಕೊಂಡು, ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಿ, ಶರಾವತಿ ಹಿನ್ನೀರಿಗೆ ತಂದು ಇಳಿಸಿದಾಗ, ಕೆರೆಗೆ ಆನೆ ಬಂದಾಗ ಸೇರುವಷ್ಟು ಜನ ಸೇರಿದ್ದರು. ಮೂರ್ತಿಗೆ ರಿಟೈರ್ ಆಗುವ ಮೊದಲೇ ಅರಳುಮರಳು ಎಂದವರೂ ಇದ್ದರು. ಹೆಸರೇನಿಡೋಣ ಎಂದು ಕೇಳಿದ್ದಕ್ಕೆ ಗಂಗಾ, "ಹೆಸ್ರಿಟ್ರೆ ಕರೀಬೇಕಾಗ್ತು, ಹಂಗೇ ಇರ್ಲಿ" ಎಂದಿದ್ದಳು. ಹಾಗೇ ಇತ್ತು. ಅಂದಿನಿಂದ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ, ನೀರು ತುಂಬಿ ನಿಂತ ನಾಲ್ಕು ತಿಂಗಳು, ಭಾನುವಾರ ಬೆಳಿಗ್ಗೆ ಅವಳೇ ಡಬ್ಬಿಗೆ ಅವಲಕ್ಕಿ ಹಾಕಿ, ಇಬ್ಬರೂ ಹೋಗೋಣ ಎಂದು, "ಹೋಪನ" ಎನ್ನುತ್ತಿದ್ದಳು. ಮನೆಯಲ್ಲಿ ಅವರಿಬ್ಬರು ಮಾತಿನ ಜನರಲ್ಲ. ದೋಣಿಯ ಮೇಲೆ ಇನ್ನೂ ಕಡಿಮೆ. ಹಿಡಿ, ಬಿಡು, ತಿರುಗ್ತು. ಈ ಮೂರು ಮಾತಿನಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಅವನು ಹಿಂದೆ ಚುಕ್ಕಾಣಿಯಲ್ಲಿ, ಅವಳು ಮುಂದಿನ ಹಾಯಿಯ ಹಗ್ಗದಲ್ಲಿ. ಮುಂದಿನ ಹಾಯಿ ದೊಡ್ಡದು, ಕಂಬ ದಾಟಿ ಹಿಂದಿನವರೆಗೆ ಬರುವಂಥದ್ದು. ದೋಣಿ ಪಕ್ಕ ತಿರುಗಿಸುವಾಗಲೆಲ್ಲ ಒಂದು ಕಡೆಯ ಹಗ್ಗ ಬಿಟ್ಟು ಇನ್ನೊಂದು ಕಡೆಯದನ್ನು ಬಿರಬಿರನೆ ಎಳೆಯಬೇಕು. ಚುಕ್ಕಾಣಿ ಹಿಡಿದವನಿಗೆ ಅದು ಒಬ್ಬನೇ ಆಗದ ಕೆಲಸ. ಸಣ್ಣ ಹಾಯಿಯಾದರೆ ಕಂಬದಲ್ಲೇ ಮುಗಿಯುತ್ತದೆ, ಒಬ್ಬನೇ ಕೂತು ಒಂದು ಕೈಯಲ್ಲಿ ನಡೆಸಿಕೊಂಡು ಹೋಗಬಹುದು.

ಹಾಗಾಗಿ ಹಾಯಿ ದೊಡ್ಡದೋ ಸಣ್ಣದೋ ಎಂದರೆ, ಗಂಗಾ ಬರುತ್ತಾಳೋ ಇಲ್ಲವೋ ಎಂದೇ ಅರ್ಥ. ಇದನ್ನು ಅವನಿಗೆ ಮೊದಲು ಮನವರಿಕೆ ಮಾಡಿಕೊಟ್ಟವನು ಗೋವಾದ ಹಾಯಿ ಹೊಲಿಯುವವನು. ಆಗಸ್ಟಿನಲ್ಲಿ ಫೋನ್ ಮಾಡಿದಾಗ ಆತ ಕಂಬದ ಎತ್ತರ ಕೇಳಿದ, ಕಂಬದಿಂದ ದೋಣಿಯ ಮೂತಿಗೆ ಎಷ್ಟು ಅಡಿ ಎಂದು ಕೇಳಿದ, ಸಮುದ್ರವೋ ಕೆರೆಯೋ ಎಂದು ಕೇಳಿದ. ಗಣೇಶಮೂರ್ತಿ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದನ್ನೆಲ್ಲ ಜಾಣ ಹುಡುಗನ ಹಾಗೆ ಒಪ್ಪಿಸಿದ. ಕೊನೆಗೆ ಆತ, ದೋಣಿ ನಡೆಸುವವರು ಎಷ್ಟು ಜನ ಎಂದು ಕೇಳಿದ. ಗಣೇಶಮೂರ್ತಿ ಬಾಯಿ ತೆರೆದ. ಎರಡು ಎನ್ನಬೇಕು ಎಂದು ನಾಲಿಗೆ ಎತ್ತಿದವನಿಗೆ, ಒಳಗೆ ಗಂಗಾ ರುಬ್ಬುತ್ತಿದ್ದ ಸದ್ದು ನಿಂತದ್ದು ಕೇಳಿಸಿತು. ಆಮೇಲೆ ಮಾಡ್ತೇನೆ ಎಂದು ಫೋನ್ ಇಟ್ಟ. ಆಮೇಲೆ ಮಾಡಿದ್ದು ಬಟ್ಟೆಯನ್ನಷ್ಟೇ ತರಿಸಲು. ಹೊಲಿಸುವುದು ಇಲ್ಲೇ, ರಿಪ್ಪನ್‌ಪೇಟೆಯಲ್ಲೇ, ಏಕೆಂದರೆ ಮಂಜುನಾಥಪ್ಪ ಇಂಥ ಪ್ರಶ್ನೆ ಕೇಳುವವನಲ್ಲ. ಕೊಡಚಾದ್ರಿ ಹತ್ತುವ ನಿಟ್ಟೂರಿನ ಜೀಪುಗಳಿಗೆಲ್ಲ ಹುಡ್ ಹೊಲಿದವನು ಅವನು. ಆತ ಕೇಳಿದ್ದು ಒಂದೇ, "ಅಳತೆಗೆ ಹಳೇದು ತಂದಿದೀರಾ ಭಟ್ರೇ?" ರವಿಕೆಗೂ ಅಳತೆಗೆ ಹಳೇ ರವಿಕೆ, ಹುಡ್ಡಿಗೂ ಹಳೇ ಹುಡ್ಡು. ಹರಿದದ್ದನ್ನೇ ಅಳತೆಯಾಗಿ ಕೊಟ್ಟು ಹೊಸದು ಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಹನ್ನೊಂದು ವರ್ಷ ಗಾಳಿ ಕುಡಿದು ಜೋತುಬಿದ್ದ ಹಾಯಿಯನ್ನು ನೆಲಕ್ಕೆ ಹಾಸಿ, ಮಂಜುನಾಥಪ್ಪ ಅಂಗೈಯಿಂದ ಸವರಿ, "ಇದಕ್ಕೆ ಹೊಟ್ಟೆ ಬಂದಿದೆಯಲ್ರೀ, ನಮ್ಮ ಕಸುಬಲ್ಲಿ ಹೊಟ್ಟೆ ಬಂದ್ರೆ ಕಸ್ಟಮರ್ ಬೈತಾರೆ" ಎಂದು ನಕ್ಕಿದ್ದ. ಹಾಯಿಗೆ ಸ್ವಲ್ಪ ಹೊಟ್ಟೆ ಬೇಕು, ಗಾಳಿ ನಿಲ್ಲುವುದೇ ಅಲ್ಲಿ ಎಂದು ಗಣೇಶಮೂರ್ತಿ ವಿವರಿಸಿದ್ದ. ವಿವರಿಸುವಾಗ ಅವನ ಕಣ್ಣು ಹರಕಿನ ಮೇಲೇ ಇತ್ತು. ಹರಕು ಮೂರು ಅಡಿ ಉದ್ದ, ಅಂಚಿನಿಂದ ಹೊಟ್ಟೆಯವರೆಗೆ.

ಹಾಯಿ ಹರಿದ ಜನವರಿಯ ಆ ದಿನ ಬೀಗರು ಬಂದಿದ್ದರು. ಮಗಳು ವಿನಯಾಳನ್ನು ಕೊಟ್ಟದ್ದು ತೀರ್ಥಹಳ್ಳಿಗೆ, ಅವಳೂ ಅವರ ಜೊತೆ ದೋಣಿ ಹತ್ತಿದ್ದಳು. ಅತ್ತೆ ಮಾವ ಇಬ್ಬರೂ ಒಳ್ಳೆಯವರು, ಅತಿ ನಯದವರು, ನಯದವರ ಎದುರು ಮನುಷ್ಯ ತನಗೆ ತಿಳಿಯದ ಹಾಗೆ ದೊಡ್ಡಸ್ತಿಕೆ ಮಾಡುತ್ತಾನೆ. ಅವನು ಹೊಸ ಟೋಪಿ ಹಾಕಿದ್ದ. ಗಂಗಾಳಿಗೆ, ನೀನು ಬೀಗಿತ್ತಿಯ ಹತ್ರ ಮುಂದೆ ಕೂತ್ಕ, ಎಲ್ಲಾ ಆನೊಬ್ನೇ ನೋಡ್ಕಳ್ತಿ ಎಂದಿದ್ದ. ಬೀಗರಿಗೆ ಟರ್ಬೈನಿನ ಕಥೆ ಹೇಳುತ್ತ, ಅವರ ಕಡೆ ನೋಡುತ್ತ, ಹಗ್ಗ ಸುತ್ತುವ ಉಕ್ಕಿನ ಉರುಳೆಗೆ ಹಗ್ಗವನ್ನು ತಾನೇ ಸುತ್ತಿದ್ದ. ಅರ್ಧ ಗಂಟೆ ಎಲ್ಲ ಸರಿಯಿತ್ತು. ಬೀಗಿತ್ತಿ ಸೆರಗು ಹೊದ್ದು, ಎಷ್ಟು ಚೆನ್ನ ಎಂದರು. ಆಮೇಲೆ ಗಾಳಿ ದಿಕ್ಕು ಬದಲಿಸಿತು, ಎದುರಿಗೆ ನೀರಿನಿಂದ ಮೇಲೆದ್ದ ಒಣಮರಗಳ ಬೊಡ್ಡೆ ಕಾಣಿಸಿದವು, ಅವನು ಗಂಗಾಳನ್ನು ಹಿಂದೆ ಕರೆದ. ಅವಳು ಬಂದು ಹಗ್ಗಕ್ಕೆ ಕೈ ಹಾಕಿದಳು. "ಬಿಡು" ಎಂದ. ಅವಳು ಬಿಡಲಿಲ್ಲ. "ಬಿಡು ಅಂದ್ನಲಾ!" ಅವಳು ಎರಡೂ ಕೈಯಿಂದ ಎಳೆಯುತ್ತಿದ್ದಳು, ಉಗುರು ಬೆಳ್ಳಗಾಗಿತ್ತು. "ಸಿಕ್ಕಾಕ್ಯಂಜು" ಎಂದಳು, ಮೆಲ್ಲಗೆ, ಬೀಗರಿಗೆ ಕೇಳಬಾರದೆಂಬ ಹಾಗೆ. ಆಗ ಅವನ ಬಾಯಿಂದ ಬಂದದ್ದು, "ಒಂದು ಹಗ್ಗ ಬಿಡಲೂ ಬತ್ತಿಲ್ಯ ನಿಂಗೆ? ಕುಣಿಯಲಾರದವಳು ನೆಲ ಡೊಂಕು ಅಂದ್ಲಡ!" ಇಡೀ ಹಿನ್ನೀರಿಗೆ ಕೇಳುವಂತೆ ಬಂತು ಅದು. ಬೀಗರು ನಗಬೇಕೋ ಬಾರದೋ ತಿಳಿಯದೆ, ನಯದವರಾದ್ದರಿಂದ, ನಕ್ಕರು. ವಿನಯಾ ನಗಲಿಲ್ಲ. ಬೊಡ್ಡೆಯೊಂದರ ಒಣಕೊಂಬೆ ಹಾಯಿಯೊಳಗೆ ಹೊಕ್ಕು, ಉದ್ದಕ್ಕೆ ಸೀಳಿಕೊಂಡು ಹೋಯಿತು.

ದಡಕ್ಕೆ ಬಂದು ಎಲ್ಲರೂ ಅವಲಕ್ಕಿಗೆ ಕೂತಾಗ ಅವನು ದೋಣಿ ಕಟ್ಟುವ ನೆಪದಲ್ಲಿ ಹಿಂದಕ್ಕೆ ಹೋದ. ಉರುಳೆಯ ಮೇಲೆ ಹಗ್ಗ ಹಾಗೇ ಕಚ್ಚಿಕೊಂಡಿತ್ತು. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಹತ್ತಿ ಕೂತಿತ್ತು. ಕೆಳಗಿನಿಂದ ಮೇಲಕ್ಕೆ ಸುತ್ತಬೇಕಾದ ಹಗ್ಗವನ್ನು ಮೇಲಿನಿಂದ ಕೆಳಕ್ಕೆ ಸುತ್ತಿತ್ತು ಯಾವುದೋ ಕೈ. ಯಾವ ಕೈ ಎಂದು ಕೇಳಲು ಪಂಚಾಯ್ತಿ ಸೇರಿಸಬೇಕಾಗಿರಲಿಲ್ಲ. ಅವನು ಎಡಚ. ಊಟಕ್ಕೆ ಮಾತ್ರ ಅಪ್ಪ ಬಾರಿಸಿ ಬಲಗೈ ಕಲಿಸಿದ್ದ. ಉಳಿದಂತೆ ಬಾವಿಹಗ್ಗವನ್ನಾಗಲಿ, ಟೇಪನ್ನಾಗಲಿ, ಪಂಚೆಯನ್ನಾಗಲಿ ಅವನು ಸುತ್ತುವುದೆಲ್ಲ ತಿರುಗುಮುರುಗು. ಹಾಗಿದ್ದರೆ ಹನ್ನೊಂದು ವರ್ಷ ಹಗ್ಗ ಯಾಕೆ ಒಮ್ಮೆಯೂ ಸಿಕ್ಕಲಿಲ್ಲ? ನಿಂತಲ್ಲೇ ಅವನಿಗೆ ಹೊಳೆಯಿತು. ಪ್ರತಿ ಭಾನುವಾರ, ಅವನು ಹಾಯಿ ಏರಿಸಲು ಕಂಬದ ಹತ್ತಿರ ಹೋದಾಗ, ಗಂಗಾ ಉರುಳೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಏನೋ ಮಾಡುತ್ತಿರುತ್ತಿದ್ದಳು. ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ಅವನು ಸುತ್ತಿದ್ದನ್ನು ಅವಳು ಬಿಚ್ಚಿ, ಸರಿಯಾಗಿ ಸುತ್ತುತ್ತಿದ್ದಳು. ಒಂದು ದಿನವೂ ಹೇಳಿರಲಿಲ್ಲ. ಆ ದಿನ ಅವಳನ್ನು ಅವನೇ ಮುಂದೆ ಕೂರಿಸಿದ್ದ.

ದಡದಿಂದ ವಿನಯಾ, "ಅಪ್ಪಾ, ಅವಲಕ್ಕಿ ಆರ್ತು" ಎಂದು ಕೂಗಿದ್ದಳು. ಅವನು ಹಗ್ಗವನ್ನು ಬಿಡಿಸಿ, ಸುರುಳಿ ಮಾಡಿ, ಮೇಲೆ ಟೋಪಿ ಇಟ್ಟು ಮುಚ್ಚಿದ. ಕೊಲೆ ಮಾಡಿದವನೂ ಅಷ್ಟು ಅಚ್ಚುಕಟ್ಟಾಗಿ ಮುಚ್ಚುವುದಿಲ್ಲ. ನಡೆದು ಬಂದು ಅವಲಕ್ಕಿ ತಿಂದ. ಬೀಗರು, ಇರ್ಲಿ ಬಿಡಿ, ಹೆಂಗಸರಿಗೆ ಇದೆಲ್ಲ ಎಲ್ಲಿ ಬತ್ತು ಎಂದರು. ಅಷ್ಟು ಹೊತ್ತಿನಲ್ಲಿ ಹೇಳಬಹುದಾಗಿತ್ತು. ತಟ್ಟೆ ಖಾಲಿಯಾಗುವವರೆಗೆ ಸಮಯವಿತ್ತು. ಅವನು ಇನ್ನೊಂದು ಸೌಟು ಹಾಕಿಸಿಕೊಂಡ. ಬಡಿಸಿದ್ದು ಗಂಗಾ.

ಬಸ್ಸು ಒಂದು ತಿರುವಿನಲ್ಲಿ ವಾಲಿತು. ಕಂಬ ಹಿಡಿದ ಎಡಗೈ ಬೆವೆತು ಜಾರಿತು. ಈ ಬಸ್ಸು ರಿಪ್ಪನ್‌ಪೇಟೆಯಲ್ಲಿ ಮುಗಿಯುವುದಲ್ಲ, ಮುಂದೆ ತೀರ್ಥಹಳ್ಳಿಗೆ ಹೋಗುವುದು. ಇಳಿಯದೆ ಹೀಗೇ ನಿಂತರೆ, ಊಟದ ಹೊತ್ತಿಗೆ ಬೀಗರ ಮನೆ ಬಾಗಿಲು. ಅವರ ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, "ಆ ದಿನ ಹಗ್ಗ ಸಿಕ್ಕಿದ್ದು ನನ್ನ ತಪ್ಪಿಂದ, ಅವಳದ್ದಲ್ಲ" ಎನ್ನುವುದು. ಅವನು ಆ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿ ನೋಡಿದ. ಚೆನ್ನಾಗಿತ್ತು. ಮತ್ತೆ ಹೇಳಿ ನೋಡಿದ. ಬೀಗರು, ಯಾವ ಹಗ್ಗ ಎಂದು ಕೇಳುವರು. ಒಂಬತ್ತು ತಿಂಗಳ ಹಿಂದಿನ ಒಂದು ಹಗ್ಗಕ್ಕಾಗಿ ಇಷ್ಟು ದೂರ ಬಂದ ಮುದುಕನನ್ನು ನೋಡಿ, ಅವರು ಸೊಸೆಗೆ, ನಿನ್ನ ಅಪ್ಪ ಹುಷಾರಾಗಿದ್ದಾರಾ ಎಂದು ಕೇಳುವರು. ಅಲ್ಲದೆ ಹೇಳಬೇಕಾದದ್ದು ಬೀಗರಿಗೆ ಅಲ್ಲ. ಯಾರಿಗೆ ಹೇಳಬೇಕೋ ಅವಳು ಸಾಗರದ ಮನೆಯಲ್ಲಿ ಈಗ ಒಗ್ಗರಣೆ ಹಾಕುತ್ತಿರಬೇಕು. ಅವಳಿಗೆ ಹೇಳಲು ಬಸ್ಸೇ ಬೇಕಿರಲಿಲ್ಲ, ಹೊಸ್ತಿಲು ದಾಟಿದರೆ ಸಾಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆಡದೆ ಉಳಿದ ಮಾತಿನ ಗತಿ ಏನೆಂದು ಯಾವ ಗಾದೆಯೂ ಹೇಳುವುದಿಲ್ಲ.

ಅವಳು ಮುನಿಸು ತೋರಿಸಿದ್ದರೆ ಸುಲಭವಿತ್ತು. ಮರುದಿನವೂ ಕಾಫಿ ಅದೇ ಹೊತ್ತಿಗೆ ಬಂತು, ಸಕ್ಕರೆ ಅಷ್ಟೇ ಇತ್ತು. ಬದಲಾದದ್ದು ಒಂದೇ ಒಂದು. ಮಳೆಗಾಲದಲ್ಲಿ ದೋಣಿಯೊಳಗೆ ನಿಂತ ನೀರು ಎತ್ತಲು ಅವನು ಹೊರಟಾಗ, ಮೊದಲು "ಹೋಪನ" ಎನ್ನುತ್ತಿದ್ದವಳು "ಹೋಗ್ಬನ್ನಿ" ಎಂದಳು. ಅಷ್ಟೇ. ಆ ದಿನ ಅವನು ಹಿನ್ನೀರಿನ ದಂಡೆಯಲ್ಲಿ ಒಬ್ಬನೇ ಬಕೀಟಿನಲ್ಲಿ ನೀರು ಎತ್ತಿ ಎತ್ತಿ ಚೆಲ್ಲಿದ. ಎಷ್ಟು ಚೆಲ್ಲಿದರೂ ತಳದಲ್ಲಿ ಸ್ವಲ್ಪ ಉಳಿಯುತ್ತಿತ್ತು. ಬಟ್ಟೆ ಹಿಂಡಿ ಒರೆಸುವುದು ಅವಳ ಕೆಲಸವಾಗಿತ್ತು, ಒರೆಸುವ ಬಟ್ಟೆ ಎಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಅವಳನ್ನು ಕಳೆದುಕೊಂಡಿದ್ದೇನೆ ಎಂದು ಅವನಿಗೆ ಅನಿಸಿತು. ಒಂದೇ ಮನೆಯಲ್ಲಿ, ಒಂದೇ ಸಾರಿನಲ್ಲಿ ಉಂಡುಕೊಂಡು ಕಳೆದುಕೊಳ್ಳಬಹುದೆಂದು ಅವನು ತಿಳಿದಿರಲಿಲ್ಲ. ಅವನಿಗೆ ಆ ಕ್ಷಣ ಅಳು ಬಂತು, ಬಕೀಟು ಕೈಯಲ್ಲಿದ್ದುದರಿಂದ ಅಳಲಿಲ್ಲ.

ದೊಡ್ಡ ಹಾಯಿಯ ಯೋಚನೆ ಹುಟ್ಟಿದ್ದು ಅಲ್ಲಿ. ಕ್ಷಮಿಸು ಎಂದು ಅವನ ಅಪ್ಪ ಅಮ್ಮನಿಗೆ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಬೈದ ಮರುದಿನ ಅಪ್ಪ ಪೇಟೆಯಿಂದ ಮಲ್ಲಿಗೆ ದಂಡೆ ತಂದು ದೇವರ ಮುಂದೆ ಇಡುತ್ತಿದ್ದ, ಅಮ್ಮ ಅದನ್ನು ಮುಡಿಯುತ್ತಿದ್ದಳು, ಅಲ್ಲಿಗೆ ಮುಗಿಯಿತು. ಗಣೇಶಮೂರ್ತಿಗೂ ಬಂದದ್ದು ಅದೇ ವಿದ್ಯೆ. ಇಬ್ಬರಿಲ್ಲದೆ ನಡೆಯದ ಹಾಯಿಯನ್ನು ತಂದು ಅವಳ ಮುಂದೆ ಹಾಸಿದರೆ, ನೀನಿಲ್ಲದೆ ಆಗುವುದಿಲ್ಲ ಎಂದು ಹೇಳಿದ ಹಾಗಲ್ಲವೇ? ಸಣ್ಣದು ಹೊಲಿಸಿದರೆ, ನೀನು ಬಾರದಿದ್ದರೂ ನಡೆದೀತು ಎಂದ ಹಾಗೆ. ಅವಳು ಬಾರದೇ ಹೋದರೆ ದೊಡ್ಡ ಹಾಯಿ ಗೋಣಿಯಂತೆ ಬಿದ್ದಿರುತ್ತದೆ, ದೋಣಿಯೂ ಬಿದ್ದಿರುತ್ತದೆ. ಬೀಳಲಿ. ರಿಪ್ಪನ್‌ಪೇಟೆಯ ಸರ್ಕಲ್ ಕಾಣುವಾಗ ಅವನು ಐದನೆಯ ಸಲ, ಇನ್ನು ಬದಲಾಯಿಸುವುದಿಲ್ಲ ಎಂಬ ನಿಷ್ಠುರದಿಂದ, ದೊಡ್ಡದು ಎಂದು ನಿಶ್ಚಯ ಮಾಡಿದ. ಇಳಿಯುವಾಗ ಕಂಡಕ್ಟರಿಗೆ, "ನಾನು ಅಜ್ಜ ಅಲ್ಲ ಮಾರಾಯ" ಎಂದ. ಕಂಡಕ್ಟರ್ ನಕ್ಕು ಸೀಟಿ ಊದಿದ. ಬಹಳ ದಿನದ ಮೇಲೆ ಗಣೇಶಮೂರ್ತಿಗೂ ನಗು ಬಂತು.

ಮಂಜುನಾಥಪ್ಪನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಎದುರಿಗೆ ಹುಡ್ ಕಳಚಿದ ಎರಡು ಜೀಪು ಬೋಳಾಗಿ ನಿಂತಿದ್ದವು. ಒಳಗೆ ಅಂಟಿನ ವಾಸನೆ, ರೆಗ್ಝಿನ್ ಸುರುಳಿಗಳು, ಮಷಿನ್ನಿನ ಮೇಲೆ ಕೂತ ಮಂಜುನಾಥಪ್ಪ. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, "ಬಂದ್ರಾ ಭಟ್ರೇ, ಕೂತ್ಕಳಿ, ಟೀ ಹೇಳ್ತೀನಿ" ಎಂದ. ಗಣೇಶಮೂರ್ತಿ ಕೂರಲಿಲ್ಲ. ದಾರಿಯುದ್ದಕ್ಕೂ ಹೊತ್ತು ತಂದದ್ದನ್ನು ಇಳಿಸುವ ಅವಸರ.

"ದೊಡ್ಡದೇ ಮಾಡಿ ಮಂಜುನಾಥಪ್ಪ. ನೀಲಿ ಗೆರೆ."

ಮಂಜುನಾಥಪ್ಪ ಹಲ್ಲಿನಿಂದ ದಾರ ತೆಗೆದ. ಮಷಿನ್ ನಿಲ್ಲಿಸಿದ. ಅವನು ಒಳ್ಳೆಯ ಮನುಷ್ಯ, ಗಿರಾಕಿಗೆ ಬೇಸರವಾಗುವ ಮಾತು ಹೇಳುವ ಮೊದಲು ಕೈ ಒರೆಸಿಕೊಳ್ಳುವ ಅಭ್ಯಾಸ ಅವನದು. ಕೈ ಒರೆಸಿಕೊಂಡ.

"ಕತ್ತರಿ ಹಾಕಾಯ್ತಲ್ಲ ಭಟ್ರೇ. ನಿನ್ನೆ ಸಂಜೆ ಮತ್ತೆ ಫೋನ್ ಮಾಡಿದ್ನಲ್ಲ ನಿಮ್ಮನೆಗೆ. ಹುಡ್ಡಿನ ಅರ್ಜೆಂಟ್ ಕೆಲ್ಸ ಬಂತು, ನೆಲ ಖಾಲಿ ಮಾಡ್ಬೇಕಿತ್ತು. ನೀವು ವಾಕಿಂಗ್ ಹೋಗಿದ್ರಂತೆ. ಅಮ್ಮೋರು ತಗಂಡ್ರು."

"ಏನಂದ್ಲು?"

"ನಾನು ಕೇಳ್ದೆ, ದೊಡ್ಡದೋ ಸಣ್ಣದೋ ಅಂತ. ಅವ್ರಿಗೆ ಎಲ್ಲಾ ಗೊತ್ತಿದೆಯಲ್ರೀ, ಕೇಳಿದ ತಕ್ಷಣ ಹೇಳಿದ್ರು. ಸಣ್ಣದೇ ಮಾಡಿ, ಅವ್ರು ಒಬ್ರೇ ಹೋಗೋದು, ಒಬ್ರ ಕೈಗೆ ಆಗೋ ಹಂಗಿರ್ಲಿ ಅಂದ್ರು. ಹಗ್ಗ ಹಾಕೋ ಮೂಲೇಲಿ ಡಬಲ್ ಹೊಲಿಗೆ ಕೊಡಿ ಅಂತಾನೂ ಹೇಳಿದ್ರು. ನೀವೇ ಹೇಳಿಸಿದ್ದು ಅಂದ್ಕಂಡೆ ನಾನು. ಮನೆಯವ್ರು ಹೇಳಿದ್ಮೇಲೆ ಇನ್ನೇನು ಕೇಳೋದು?"

ಗಣೇಶಮೂರ್ತಿ ಮೂಲೆಯಲ್ಲಿ ಮಡಿಸಿಟ್ಟ ಬಿಳಿಯ ಗಂಟನ್ನು ನೋಡಿದ. ಮುಗಿದಿತ್ತು. ಅಂಚು ಹೊಲಿದು, ಉಂಗುರ ಕೂರಿಸಿ, ಹುಡ್ಡಿಗಿಂತ ಅಚ್ಚುಕಟ್ಟಾಗಿ. ನಿನ್ನೆ ಸಂಜೆ ಅವನು ಗಣಪತಿ ಕೆರೆಯ ಸುತ್ತ ದೊಡ್ಡದೋ ಸಣ್ಣದೋ ಎಂದು ತಲೆ ಕೆಡಿಸಿಕೊಂಡು ಎರಡು ಸುತ್ತು ಹಾಕುವಾಗ, ಅವಳು ಒದ್ದೆ ಕೈ ಒರೆಸಿಕೊಂಡು ಫೋನ್ ಎತ್ತಿ, ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ್ದಳು. ಸಿಟ್ಟಿನಿಂದ ಹೇಳಿರಲಾರಳು. ಅವನ ಕೈಗೆ ಯಾವುದು ಹಗುರ ಎಂದು ಯೋಚಿಸಿಯೇ ಹೇಳಿರಬೇಕು. ಮೂಲೆಗೆ ಡಬಲ್ ಹೊಲಿಗೆ ಕೂಡ. ಅದು ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಬೆಳಿಗ್ಗೆ ಚೀಲ ಕೊಡುವಾಗ ಅವಳಿಗೆ ಕತ್ತರಿ ಬಿದ್ದದ್ದು ಗೊತ್ತಿತ್ತು. ಅದಕ್ಕೇ ಉಳಿದ ಬಟ್ಟೆ ಎಂದಿದ್ದಳು.

"ಕೂಡಿಸಿ ಹೊಲಿಯೋಕೆ ಆಗುತ್ತಾ? ಉಳಿದದ್ದನ್ನ ಇದಕ್ಕೆ ಸೇರಿಸಿ..."

"ಹುಡ್ ಆಗಿದ್ರೆ ತೇಪೆ ಹಾಕ್ಕೊಡ್ತಿದ್ದೆ ಭಟ್ರೇ. ಇದು ಗಾಳಿ ಹೊರೋ ವಸ್ತು ಅಂತ ನೀವೇ ಹೇಳಿದ್ರಲ್ಲ. ಕತ್ತರಿಸಿದ ಕಡೆ ಮತ್ತೆ ಹೊಲಿದ್ರೆ ಅಲ್ಲೇ ಬಾಯಿ ಬಿಡುತ್ತೆ." ದಾರವನ್ನು ಮತ್ತೆ ಸೂಜಿಗೆ ಪೋಣಿಸುತ್ತ, "ಬೇಜಾರಾಯ್ತಾ? ಸಣ್ಣದೇ ಒಳ್ಳೇದಲ್ವಾ ನಿಮ್ಗೆ ಈ ವಯಸ್ಸಿಗೆ?" ಎಂದ.

ಇಲ್ಲ ಇಲ್ಲ ಎಂದ ಗಣೇಶಮೂರ್ತಿ. ಟೀ ಬಂತು, ಕುಡಿದ. ಮಂಜುನಾಥಪ್ಪ ಉಳಿದ ಬಟ್ಟೆಯನ್ನು ಒಂದು ಚೂರೂ ಇಟ್ಟುಕೊಳ್ಳದೆ ಮಡಿಸಿ ಚೀಲಕ್ಕೆ ತುಂಬಿದ. ಅವನಂಥವರ ಮರ್ಯಾದೆ ಇರುವುದು ಆ ಉಳಿದ ಬಟ್ಟೆಯಲ್ಲಿ. ಚೀಲದ ಬಾಯಿಂದ ನೀಲಿ ಸೀಮೆಸುಣ್ಣದ ಗೆರೆಯೊಂದು ಹೊರಗೆ ಕಾಣುತ್ತಿತ್ತು. ಹಳೆಯ ಹರಿದ ಹಾಯಿ ಬೇಕಾ ಎಂದು ಕೇಳಿದ, ಜೀಪಿನ ಸೀಟಿನ ಕೆಳಗೆ ಹಾಕಲು ಆಗುತ್ತಿತ್ತು ಎಂದ. ಇಟ್ಟುಕೊಳ್ಳಿ ಎಂದು ಗಣೇಶಮೂರ್ತಿ ಹೊರಗೆ ಬಂದ. ಎದುರಿಗೆ ತೀರ್ಥಹಳ್ಳಿಯ ಇನ್ನೊಂದು ಬಸ್ಸು ನಿಂತಿತ್ತು, ಕಿಟಕಿಯ ಸೀಟು ಖಾಲಿಯಿತ್ತು. ಅವನು ಅದರ ಬೋರ್ಡನ್ನು ಓದಿ, ಸಾಗರದ ಬಸ್ಸು ಹತ್ತಿದ.

ಮನೆಗೆ ಬಂದಾಗ ಎರಡು ಗಂಟೆ. ಗಂಗಾ ಜಗಲಿಯಲ್ಲಿ ಕೂತಿದ್ದಳು, ಉಂಡಿರಲಿಲ್ಲ. ಸಾಂಬಾರು ಬಿಸಿ ಮಾಡ್ತಿ ಎಂದು ಎದ್ದವಳು, ಚೀಲ ನೋಡಿ ನಿಂತಳು. ಹಾಯಿಯ ಗಂಟನ್ನು ಅವಳು ಮುಟ್ಟಲಿಲ್ಲ. ಚೀಲದಿಂದ ಉಳಿದ ಬಟ್ಟೆ ತೆಗೆದು ಒದರಿದಳು. ಅದು ಅಂಗಳದುದ್ದಕ್ಕೆ ಬಿಚ್ಚಿಕೊಂಡಿತು. ಉದ್ದದ ಮೂರು ಮೂಲೆಯ ಬಿಳಿ ಬಟ್ಟೆ, ಒಂದು ಕಡೆ ಕೆಂಪು ಗೆರೆಯ ಮೇಲೆ ನೇರ ಕತ್ತರಿಸಿದ ಅಂಚು, ಇನ್ನೊಂದು ಕಡೆ ನೀಲಿ ಗೆರೆ. ಎರಡು ಗೆರೆಯ ನಡುವೆ ಇದ್ದದ್ದು ಅವಳ ಜಾಗ. ಅವನು ಅದನ್ನು ನೋಡುತ್ತ ನಿಂತ, ಅವಳೂ ನೋಡಿದಳು.

"ಮೂಲೆ ಮೂಲೆ ಇದ್ದು. ತೊಂದ್ರೆ ಇಲ್ಲೆ" ಎಂದಳು. "ಹಪ್ಪಳ ಒಣಗ್ಸಲಾತು."

ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಟ್ಟೆಯ ಮೇಲಿಂದ ಕಣ್ಣು ತೆಗೆದು ಹೇಳಿದ. "ಗಂಗಾ, ಆ ದಿನ ಹಗ್ಗ ಸುತ್ತಿದ್ದು ಆನು. ಸಿಕ್ಕಿದ್ದು ಎನ್ನಿಂದ."

ಅವಳು ಬಟ್ಟೆಯ ಒಂದು ಮೂಲೆ ಎತ್ತಿ, ಮಣ್ಣು ಹತ್ತಿದೆಯೋ ಎಂದು ನೋಡಿ, ಉಗುರಿನಿಂದ ಕೆರೆದಳು.

"ಎಂಗೆ ಅವತ್ತೇ ಗೊತ್ತಿತ್ತು" ಎಂದಳು. ದನಿಯಲ್ಲಿ ಕಹಿ ಇರಲಿಲ್ಲ. "ನಿಂಗೊ ನೋಡ್ಕಂಡಿದ್ದೂ ಗೊತ್ತಿತ್ತು. ಟೋಪಿ ಅಲ್ಲೇ ಬಿಟ್ಟಿಕ್ಕಿ ಬಂದಿದ್ರಲ, ಸಂಜೆಗೆ ತಗಂಬರಕ್ಕೆ ಆನೇ ಹೋಗಿದ್ದಿ. ಅಡಿಗೆ ಹಗ್ಗ ಬಿಡ್ಸಿ ಸುತ್ತಿಟ್ಟಿತ್ತು."

ಅವನಿಗೆ ಇನ್ನೇನೋ ಹೇಳಬೇಕಿತ್ತು. ಹೇಳಬೇಕಾದದ್ದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು, ಅವನು ಹೇಳುತ್ತಾನೋ ಎಂಬುದೊಂದೇ ಗೊತ್ತಿರಲಿಲ್ಲ, ಅದಕ್ಕಾಗಿ ಅವಳು ಒಂಬತ್ತು ತಿಂಗಳು ಕಾದು, ನಿನ್ನೆ ಸಂಜೆ ಫೋನಿನಲ್ಲಿ ಕಾಯುವುದನ್ನು ನಿಲ್ಲಿಸಿದ್ದಳು. ಒಂದು ದಿನ. ಒಂದೇ ಒಂದು ದಿನದಿಂದ ತಪ್ಪಿತ್ತು ಎಂದು ಅವನಿಗೆ ಅನಿಸಿತು. ಆಮೇಲೆ, ಒಂದು ದಿನವಲ್ಲ, ಒಂದು ತಟ್ಟೆ ಅವಲಕ್ಕಿ ಎಂದೂ ಅನಿಸಿತು.

"ಆ ತುದಿ ಹಿಡ್ಕಳಿ, ಮಡ್ಚನ" ಎಂದಳು ಗಂಗಾ.

ಅವನು ಅಂಗಳಕ್ಕೆ ಇಳಿದು ತುದಿ ಹಿಡಿದ. ಇಬ್ಬರೂ ಎಳೆದರು, ಬಟ್ಟೆ ನಡುವೆ ನೆಟ್ಟಗಾಯಿತು. ಸಣ್ಣ ಗಾಳಿ ಬಂದು ಅದರ ಕೆಳಗೆ ಹೊಕ್ಕಿತು. ಬಟ್ಟೆ ಒಂದು ಕ್ಷಣ ಹೊಟ್ಟೆ ತುಂಬಿ ಮೇಲೆದ್ದು, ಇಬ್ಬರ ಕೈಯನ್ನೂ ಜಗ್ಗಿತು. ಅವನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ತನ್ನ ತುದಿಯನ್ನು ಮಡಿಸಿಕೊಳ್ಳುತ್ತ, ಮಡಿಸಿಕೊಳ್ಳುತ್ತ ಹತ್ತಿರ ಬಂದಳು, ಎದುರಿಗೆ ನಿಂತು ಅವನ ಕೈಯಲ್ಲಿದ್ದ ಮೂಲೆಗೆ ಕೈ ಹಾಕಿದಳು.

"ಬಿಡಿ" ಎಂದಳು.

ಅವನು ಹಿಡಿದೇ ಇದ್ದ. ಅವಳು ಕಾದಳು. ದನಿ ಏರಿಸಲಿಲ್ಲ, ಗಾದೆ ಹೇಳಲಿಲ್ಲ. ಪಕ್ಕದ ಮನೆಯವರಿಗೂ ಕೇಳದಷ್ಟು ಮೆಲ್ಲಗೆ ಇನ್ನೊಂದು ಸಲ, "ಬಿಡಿ" ಎಂದಳು.

ಬಿಟ್ಟ. ಅವಳು ಬಟ್ಟೆಯನ್ನು ತೋಳಿಗೆ ಹಾಕಿಕೊಂಡು, ಸಾಂಬಾರು ಬಿಸಿಗಿಡಲು ಒಳಗೆ ಹೋದಳು.